ಕೀಮೋ ವಾರ್ಡಿನಿಂದ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ: ಶುಶ್ರೂಷಕರಿಗೂ ಫಾರ್ಮಸಿಸ್ಟರಿಗೂ ಸಿಗುವ ಧನಸಹಾಯ

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೀಮೋಥೆರಪಿ ಡೇ ಕೇರ್ ವಿಭಾಗದ, ಅಂದರೆ ರೋಗಿಗಳು ಬಂದು ಕೀಮೋ ಪಡೆದು ಅಂದೇ ಮನೆಗೆ ಮರಳುವ ವಿಭಾಗದ, ಶುಶ್ರೂಷಾಧಿಕಾರಿ. ನನ್ನ ಸ್ನೇಹಿತೆ ಇದೇ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ವಿದೇಶದ ಕ್ಯಾನ್ಸರ್ ಸಮ್ಮೇಳನಗಳಿಗೆ ಹೋಗಲು ಅಲ್ಲಿನ ಸಂಸ್ಥೆಗಳೇ ಖರ್ಚು ಕೊಡುತ್ತವೆ ಎಂದು ಕೇಳಿದ್ದೇವೆ. ಅದು ವೈದ್ಯರಿಗೆ ಮಾತ್ರವೇ? ಜಿಲ್ಲಾ ಕೇಂದ್ರದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಸಿಗುವ ಸಾಧ್ಯತೆ ಇದೆಯೇ? ಸಂಶೋಧನೆ ಮಾಡಿದ ಅನುಭವ ನಮಗಿಲ್ಲ, ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಈ ನೆರವು ವೈದ್ಯರಿಗೆ ಮಾತ್ರ ಮೀಸಲಾದುದಲ್ಲ. ಕ್ಯಾನ್ಸರ್ ಶುಶ್ರೂಷೆಗೂ ಕ್ಯಾನ್ಸರ್ ಔಷಧ ಸೇವೆಗೂ ಪ್ರತ್ಯೇಕವಾದ ಅಂತಾರಾಷ್ಟ್ರೀಯ ಸಂಘಗಳಿವೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಶುಶ್ರೂಷಕರೂ ಫಾರ್ಮಸಿಸ್ಟರೂ ತಮ್ಮ ಸಮ್ಮೇಳನಗಳಿಗೆ ಬರಲೆಂದು ಅವು ಹಣ ತೆಗೆದಿರಿಸುತ್ತವೆ. ವಿಶ್ವ ಬ್ಯಾಂಕಿನ ವರ್ಗೀಕರಣದಲ್ಲಿ ಭಾರತ ಕೆಳ ಮಧ್ಯಮ ಆದಾಯದ ದೇಶವಾಗಿದೆ. ಆ ವರ್ಗೀಕರಣವನ್ನೇ ಅರ್ಹತೆಯ ಅಳತೆಯಾಗಿ ಇಟ್ಟುಕೊಂಡಿರುವ ಯೋಜನೆಗಳಲ್ಲಿ ನೀವಿಬ್ಬರೂ ಅರ್ಜಿ ಹಾಕಬಹುದು. ಆದರೆ ಅರ್ಹತೆ ಬೇರೆ, ಆಯ್ಕೆ ಬೇರೆ. ಹಣ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತ ಹೊರಟವರಿಗಿಂತ, ತಮ್ಮ ವಾರ್ಡಿನದೇ ಒಂದು ಪ್ರಶ್ನೆಯನ್ನು ಹಿಡಿದು, ಅದನ್ನು ಅಳೆದು, ಬರೆದಿಟ್ಟುಕೊಂಡವರಿಗೆ ಈ ನೆರವು ಹೆಚ್ಚಾಗಿ ದೊರೆಯುವುದನ್ನು ನಾನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಆದ್ದರಿಂದ ಸಂಘಗಳ ವಿವರಕ್ಕಿಂತ ಮೊದಲು ನಿಮ್ಮ ವಾರ್ಡಿನ ಕೆಲಸದ ಬಗ್ಗೆ ಬರೆಯುತ್ತೇನೆ.

ಯಾವುದೇ ಸಮ್ಮೇಳನದ ಧನಸಹಾಯದ ಅರ್ಜಿಯಲ್ಲಿ ಮೊದಲು ಕೇಳುವುದು ಅಬ್‌ಸ್ಟ್ರಾಕ್ಟ್ ಎಂದು ಕರೆಯಲಾಗುವ ಸಾರಲೇಖವನ್ನು. ಸಾಮಾನ್ಯವಾಗಿ 250ರಿಂದ 300 ಪದಗಳ ಒಳಗೆ ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಇಷ್ಟನ್ನೂ ಹೇಳಿ ಮುಗಿಸಬೇಕಾದ ಬರಹ ಅದು. ಅದು ಒಪ್ಪಿಗೆಯಾದರೆ ಮಾತ್ರ ಧನಸಹಾಯದ ಪ್ರಶ್ನೆ ಬರುವ ಯೋಜನೆಗಳೇ ಹೆಚ್ಚು. 'ಸಂಶೋಧನೆ ಮಾಡಿದ ಅನುಭವ ನಮಗಿಲ್ಲ' ಎಂದು ನೀವು ಬರೆದಿದ್ದೀರಿ. ದೊಡ್ಡ ಆಸ್ಪತ್ರೆಗಳ ಪ್ರಯೋಗಗಳನ್ನು ಯಾರೂ ನಿಮ್ಮಿಂದ ನಿರೀಕ್ಷಿಸುವುದಿಲ್ಲ. ನಿಮ್ಮ ಡೇ ಕೇರ್‌ನ ರಿಜಿಸ್ಟರ್ ಪುಸ್ತಕದಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಕ್ರಮವಾಗಿ ಎಣಿಸಿ, ಒಂದು ಸಣ್ಣ ಬದಲಾವಣೆ ಮಾಡಿ, ಮತ್ತೆ ಎಣಿಸಿದರೆ ಅದು ಗುಣಮಟ್ಟ ಸುಧಾರಣೆಯ ಅಧ್ಯಯನವೆನಿಸಿಕೊಳ್ಳುತ್ತದೆ. ಶುಶ್ರೂಷಾ ಸಮ್ಮೇಳನಗಳಲ್ಲಿ ಇಂಥ ಅಧ್ಯಯನಗಳಿಗೆ ಗೌರವದ ಸ್ಥಾನವಿದೆ.

ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಕೊಡುತ್ತೇನೆ. ಕೀಮೋ ಪಡೆದ ಒಂದೆರಡು ವಾರಗಳಲ್ಲಿ ರೋಗಿಯ ರಕ್ತದ ಬಿಳಿ ಕಣಗಳು, ಅದರಲ್ಲೂ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್‌ಗಳು ತೀರಾ ಕಡಿಮೆಯಾಗುತ್ತವೆ. ಆ ಹೊತ್ತಿನಲ್ಲಿ ಬರುವ ಜ್ವರ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದಲೇ ರೋಗಿ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಸೇರಬೇಕು ಎಂಬ ಗುರಿಯನ್ನು ಜಗತ್ತಿನಾದ್ಯಂತ ಇಟ್ಟುಕೊಳ್ಳಲಾಗಿದೆ. ಇದು ಪಠ್ಯದಲ್ಲಿರುವ ಮಾತು. ಮಲೆನಾಡಿನಲ್ಲಿ ಇದರ ಸ್ವರೂಪವೇ ಬೇರೆ. ಹೊಸನಗರದ ಒಳಹಳ್ಳಿಯ ರೋಗಿಗೆ ಆಷಾಢದ ಮಳೆಯಲ್ಲಿ ಜ್ವರ ಬಂದರೆ ಮನೆಯವರು ಮಳೆಯ ನೆನೆತದ ಜ್ವರವೆಂದು ಕಷಾಯ ಕುಡಿಸಿ ಮಲಗಿಸುತ್ತಾರೆ. ಬೇಸಿಗೆಗೆ ಮುಂಚಿನ ತಿಂಗಳುಗಳಲ್ಲಿ ಬಂದರೆ ಮಂಗನ ಕಾಯಿಲೆಯ ಅನುಮಾನ ಮೊದಲು ಮೂಡುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ, ಉಣುಗುಗಳಿಂದ ಹರಡುವ ಆ ರೋಗದಲ್ಲಿಯೂ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕುಸಿಯುತ್ತವೆ, ಡೆಂಗಿಯಲ್ಲಿಯೂ ಹಾಗೆಯೇ. ಕೀಮೋ ಪಡೆಯುತ್ತಿರುವವರ ರಕ್ತಪರೀಕ್ಷೆಯ ಚೀಟಿಯನ್ನು ಮಾತ್ರ ನೋಡಿದ ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಗೆ ಈ ಮೂರರಲ್ಲಿ ಯಾವುದೆಂದು ತಕ್ಷಣ ತಿಳಿಯುವುದು ಕಷ್ಟ, ಮತ್ತು ಆ ಗೊಂದಲದಲ್ಲಿ ಕಳೆದುಹೋಗುವ ಪ್ರತಿ ಗಂಟೆಯೂ ರೋಗಿಗೆ ದುಬಾರಿಯಾಗುತ್ತದೆ.

ಈಗ ನೀವು ಮಾಡಬಹುದಾದುದನ್ನು ನೋಡಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಘಟಕದಲ್ಲಿ ಕೀಮೋ ಪಡೆದು ಜ್ವರದಿಂದ ಮರಳಿ ಬಂದವರು ಎಷ್ಟು ಮಂದಿ, ಜ್ವರ ಕಾಣಿಸಿಕೊಂಡ ಎಷ್ಟು ಗಂಟೆಗಳ ಮೇಲೆ ಅವರು ಬಂದರು, ಬಂದ ಮೇಲೆ ಮೊದಲ ಆ್ಯಂಟಿಬಯಾಟಿಕ್ ಸಿಗುವುದಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂಬ ಮೂರೇ ಸಂಗತಿಗಳನ್ನು ದಾಖಲೆಯಿಂದ ತೆಗೆಯಿರಿ. ಬಳಿಕ ಕನ್ನಡದಲ್ಲಿ ಒಂದು ಜ್ವರದ ಚೀಟಿಯನ್ನು ಸಿದ್ಧಪಡಿಸಿ, ಕೀಮೋ ಪಡೆದು ಮನೆಗೆ ಹೊರಡುವ ಪ್ರತಿಯೊಬ್ಬರ ಕೈಗೂ ಕೊಡಿ. ರೋಗಿಗೆ ಕೀಮೋ ಆಗಿರುವ ದಿನಾಂಕ, ಥರ್ಮಾಮೀಟರ್‌ನಲ್ಲಿ ಯಾವ ಅಂಕಿ ಕಂಡರೆ ಕಾಯದೆ ಹೊರಡಬೇಕು, ತಾಲ್ಲೂಕು ಆಸ್ಪತ್ರೆಯವರು ಯಾವ ದೂರವಾಣಿಗೆ ಕರೆ ಮಾಡಬೇಕು ಎಂಬಷ್ಟು ಅದರಲ್ಲಿರಲಿ. ಮುಂದಿನ ಆರು ತಿಂಗಳು ಅದೇ ಮೂರು ಸಂಗತಿಗಳನ್ನು ಮತ್ತೆ ಅಳೆಯಿರಿ. ಫಲಿತಾಂಶ ಉತ್ತಮವಾಗದಿದ್ದರೂ ಅದನ್ನು ಬರೆಯಬಹುದು, ಏಕೆ ಆಗಲಿಲ್ಲ ಎಂಬುದೂ ತಿಳಿಯಬೇಕಾದ ವಿಷಯವೇ. ಮಂಗನ ಕಾಯಿಲೆಯ ನಾಡಿನಲ್ಲಿ ಕೀಮೋ ರೋಗಿಯ ಜ್ವರವನ್ನು ಶುಶ್ರೂಷಕರು ಹೇಗೆ ನಿಭಾಯಿಸುತ್ತಾರೆ ಎಂಬುದನ್ನು ಲಂಡನ್ನಿನವರೋ ಟೊರಾಂಟೊದವರೋ ಬರೆಯಲಾರರು, ನೀವೇ ಬರೆಯಬೇಕು.

ನಿಮ್ಮ ಸ್ನೇಹಿತೆಗೂ ಇಂಥ ವಿಷಯಗಳಿಗೆ ಬರವಿಲ್ಲ. ಮನೆಯಲ್ಲೇ ನುಂಗುವ ಕೀಮೋ ಮಾತ್ರೆಗಳು ಈಗ ಹೆಚ್ಚಾಗಿವೆ. ಕೇಪ್‌ಸಿಟಾಬಿನ್ ಮಾತ್ರೆಯನ್ನು ಸಾಮಾನ್ಯವಾಗಿ ಹದಿನಾಲ್ಕು ದಿನ ತೆಗೆದುಕೊಂಡು ಏಳು ದಿನ ಬಿಡಬೇಕು. ಬಿಡುವ ದಿನಗಳನ್ನು ಮರೆತವರು, ಅಂಗೈ ಅಂಗಾಲು ಸುಲಿದರೂ ಮುಂದುವರಿಸಿದವರು, ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮುಂದಿನ ಸುತ್ತಿಗೇ ಬಾರದೆ ಉಳಿದವರು ಇದ್ದಾರೆ. ಇವರ ಲೆಕ್ಕವನ್ನು ಫಾರ್ಮಸಿಸ್ಟ್ ಇಡದಿದ್ದರೆ ಇನ್ಯಾರೂ ಇಡುವುದಿಲ್ಲ. ಇದಕ್ಕಿಂತಲೂ ಮುಖ್ಯವೆಂದು ನನಗನ್ನಿಸುವುದು ನಾಟಿ ಔಷಧಿಯ ವಿಷಯ. ಮಲೆನಾಡಿನ ಕ್ಯಾನ್ಸರ್ ರೋಗಿಗಳಲ್ಲಿ ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ತೊಗಟೆಯ ಕಷಾಯವನ್ನೋ ಬೇರಿನ ಪುಡಿಯನ್ನೋ ಸೇವಿಸುವವರು ಇದ್ದೇ ಇದ್ದಾರೆ. ಬೈದಾರೆಂಬ ಭಯದಿಂದ ಅವರು ಅದನ್ನು ವೈದ್ಯರಿಗೆ ಹೇಳುವುದಿಲ್ಲ. ಅವರನ್ನು ಹೀಯಾಳಿಸದೆ ಕೇಳಿ, ಯಾವ ಕೀಮೋ ಔಷಧಿಯೊಂದಿಗೆ ಏನನ್ನು ಸೇವಿಸಿದರು, ಯಕೃತ್ತಿನ ಪರೀಕ್ಷೆಯ ಅಂಕಿಗಳು ಹೇಗಿದ್ದವು ಎಂದು ಬರೆದಿಡುವ ಫಾರ್ಮಸಿಸ್ಟರ ಕೆಲಸ ಯಾವ ಅಂತಾರಾಷ್ಟ್ರೀಯ ವೇದಿಕೆಯಲ್ಲಾದರೂ ಗಮನ ಸೆಳೆಯುತ್ತದೆ. ಅಡ್ಡ ಪರಿಣಾಮಗಳು ಕಂಡುಬಂದಾಗ ಔಷಧಿಗಳ ಸುರಕ್ಷತೆಯ ಮೇಲೆ ನಿಗಾ ಇಡುವ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡುವುದನ್ನು ಅವರು ರೂಢಿಸಿಕೊಂಡರೆ ದಾಖಲೆಯೂ ತಾನಾಗಿ ಸಿದ್ಧವಾಗುತ್ತದೆ.

ಅಧ್ಯಯನಕ್ಕೆ ಕೈ ಹಾಕುವ ಮೊದಲೇ, ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಇದನ್ನು ಬಹಳ ಜನ ಕೊನೆಗೆ ನೆನೆಯುತ್ತಾರೆ. ಮಾಹಿತಿಯನ್ನು ಸಂಗ್ರಹಿಸಿಯಾದ ಮೇಲೆ ಹಿಂದಿನ ದಿನಾಂಕಕ್ಕೆ ಒಪ್ಪಿಗೆ ಕೇಳುವುದು ಸಾಧ್ಯವಿಲ್ಲ, ಕೇಳಲೂಬಾರದು. ಹಳೆಯ ದಾಖಲೆಗಳನ್ನು ಹೆಸರು ತೆಗೆದು ಪರಿಶೀಲಿಸುವಂಥ ಅಧ್ಯಯನಕ್ಕೆ ಪ್ರತಿಯೊಬ್ಬ ರೋಗಿಯ ಸಹಿಯಿಂದ ವಿನಾಯಿತಿ ಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ, ಆದರೆ ಆ ವಿನಾಯಿತಿಯನ್ನು ಕೊಡಬೇಕಾದುದು ಸಮಿತಿಯೇ. ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯಾದರೆ ಸಮಿತಿ ಅಲ್ಲಿಯೇ ಇರುತ್ತದೆ. ಸ್ನೇಹಿತೆಯ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಅಥವಾ ಫಾರ್ಮಸಿ ಕಾಲೇಜಿನ ಪ್ರಾಧ್ಯಾಪಕರೊಬ್ಬರನ್ನು ಸಹ ಲೇಖಕರನ್ನಾಗಿ ಸೇರಿಸಿಕೊಂಡು, ಅಲ್ಲಿನ ಸಮಿತಿಯ ಮುಂದೆ ಹೋಗಬಹುದೇ ಎಂದು ವಿಚಾರಿಸಲಿ.

ಸಾರಲೇಖದ ಆರಂಭದ ವಾಕ್ಯದ ಬಗ್ಗೆ ಒಂದು ಮಾತು. ನಮ್ಮವರು ಬರೆಯುವ ಬಹುಪಾಲು ಸಾರಲೇಖಗಳು ದೇಶದ ಒಟ್ಟು ಅಂಕಿಯಿಂದ ತೊಡಗುತ್ತವೆ. ಜಗತ್ತಿನ ಕ್ಯಾನ್ಸರ್ ಅಂಕಿ ಅಂಶಗಳ ಸಂಗ್ರಹವಾದ ಗ್ಲೋಬೊಕ್ಯಾನ್‌ನ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 14 ಲಕ್ಷಕ್ಕೂ ಹೆಚ್ಚು ಹೊಸ ಕ್ಯಾನ್ಸರ್ ಪ್ರಕರಣಗಳು ಎಂಬುದು ನಿಜ, ಆದರೆ ಪರಿಶೀಲಕರಿಗೆ ಅದು ಮೊದಲೇ ಗೊತ್ತಿರುತ್ತದೆ. ಇರುವ ಮುನ್ನೂರು ಪದಗಳಲ್ಲಿ ನಲವತ್ತನ್ನು ಅದಕ್ಕೆ ಕಳೆಯಬೇಡಿ. ನಿಮ್ಮ ಘಟಕದಲ್ಲಿ ಎಷ್ಟು ಹಾಸಿಗೆ, ರೋಗಿಗಳು ಎಷ್ಟು ದೂರದಿಂದ ಬರುತ್ತಾರೆ, ಯಾವ ತೊಂದರೆ ನಿಮ್ಮನ್ನು ಈ ಎಣಿಕೆಗೆ ಹಚ್ಚಿತು ಎಂಬುದರಿಂದಲೇ ತೊಡಗಿ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಮೂರು ವರ್ಷಗಳೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರಗಳನ್ನು ತೆರೆಯುವುದಾಗಿ ಘೋಷಿಸಲಾಗಿದೆ. ಅಂಥ ಕೇಂದ್ರವನ್ನು ಜಿಲ್ಲಾ ಮಟ್ಟದಲ್ಲಿ ನಡೆಸುವುದರ ಒಳಹೊರಗನ್ನು ಬಲ್ಲವರು ನೀವು. ಜಿಲ್ಲಾ ಕೇಂದ್ರದವರೆಂಬುದು ನಿಮ್ಮ ಅರ್ಜಿಯ ಬಲವೇ ಹೊರತು ಕೊರತೆಯಲ್ಲ.

ಇನ್ನು ಸಂಘಗಳ ವಿಷಯ. ಶುಶ್ರೂಷಕರಿಗೆ ಮೊದಲು ನೋಡಬೇಕಾದುದು 1984ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ನರ್ಸಸ್ ಇನ್ ಕ್ಯಾನ್ಸರ್ ಕೇರ್. ಕ್ಯಾನ್ಸರ್ ಶುಶ್ರೂಷೆಯ ಅಂತಾರಾಷ್ಟ್ರೀಯ ಸಮ್ಮೇಳನವನ್ನು ನಡೆಸುವ ಸಂಘ ಇದೇ. ಫಾರ್ಮಸಿಸ್ಟರಿಗೆ ಅದೇ ಬಗೆಯ ಸಂಘ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆಂಕಾಲಜಿ ಫಾರ್ಮಸಿ ಪ್ರಾಕ್ಟೀಷನರ್ಸ್. ನೋವು, ವಾಂತಿ, ಬಾಯಿಹುಣ್ಣು, ಜ್ವರ ಮೊದಲಾದ ಅಡ್ಡ ಪರಿಣಾಮಗಳ ನಿರ್ವಹಣೆಗೆ ಮೀಸಲಾದ ಮಲ್ಟಿನ್ಯಾಷನಲ್ ಅಸೋಸಿಯೇಷನ್ ಆಫ್ ಸಪೋರ್ಟಿವ್ ಕೇರ್ ಇನ್ ಕ್ಯಾನ್ಸರ್ ಎಂಬ ಸಂಘದಲ್ಲಿ ವೈದ್ಯರು, ಶುಶ್ರೂಷಕರು, ಫಾರ್ಮಸಿಸ್ಟರು ಒಂದೇ ಸಭೆಯಲ್ಲಿ ಕೂರುವುದರಿಂದ ಮೇಲೆ ಹೇಳಿದ ಜ್ವರದ ಅಧ್ಯಯನಕ್ಕೆ ಅದು ಹೇಳಿ ಮಾಡಿಸಿದ ಜಾಗ. ಮಕ್ಕಳ ಕ್ಯಾನ್ಸರ್ ವಿಭಾಗದಲ್ಲಿದ್ದರೆ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಪೀಡಿಯಾಟ್ರಿಕ್ ಆಂಕಾಲಜಿ, ರೋಗಿಯ ನೋವು ಯಾತನೆಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯಲ್ಲಿದ್ದರೆ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಫಾರ್ ಹಾಸ್ಪಿಸ್ ಆ್ಯಂಡ್ ಪ್ಯಾಲಿಯೇಟಿವ್ ಕೇರ್ ನೀಡುವ ಪ್ರಯಾಣ ನೆರವನ್ನು ವಿಚಾರಿಸಬೇಕು. ಯೂರೋಪಿನ ವೈದ್ಯಕೀಯ ಆಂಕಾಲಜಿ ಸಂಘವು ಪ್ರತಿ ವರ್ಷದ ಕೊನೆಯಲ್ಲಿ ನಡೆಸುವ ಏಷ್ಯಾ ಸಮ್ಮೇಳನ ದೂರದ ದೃಷ್ಟಿಯಿಂದಲೂ ಖರ್ಚಿನ ದೃಷ್ಟಿಯಿಂದಲೂ ಮೊದಲ ಪ್ರಯಾಣಕ್ಕೆ ಅನುಕೂಲ. ಈ ಸಂಘಗಳ ಪೈಕಿ ಹಲವು ತಮ್ಮ ಸದಸ್ಯರಿಗೆ ಮಾತ್ರ ನೆರವು ಕೊಡುತ್ತವೆ, ಆದರೆ ನಮ್ಮಂಥ ದೇಶಗಳವರಿಗೆ ಸದಸ್ಯತ್ವದ ಶುಲ್ಕವನ್ನು ತಗ್ಗಿಸಿರುತ್ತವೆ. ಅರ್ಜಿಗೆ ಮೊದಲೇ ಸದಸ್ಯರಾಗಿರಬೇಕೇ ಎಂಬುದನ್ನು ಓದಿ ನೋಡಿ.

ಜಿನೀವಾದಲ್ಲಿರುವ ಯೂನಿಯನ್ ಫಾರ್ ಇಂಟರ್‌ನ್ಯಾಷನಲ್ ಕ್ಯಾನ್ಸರ್ ಕಂಟ್ರೋಲ್ ಎರಡು ವರ್ಷಕ್ಕೊಮ್ಮೆ ವಿಶ್ವ ಕ್ಯಾನ್ಸರ್ ಸಮ್ಮೇಳನವನ್ನು ನಡೆಸುತ್ತದೆ. ಆದರೆ ಆ ಸಂಸ್ಥೆಯ ವಿಷಯದಲ್ಲಿ ನಿಮ್ಮ ಗಮನಕ್ಕೆ ತರಬೇಕಾದುದು ಸಮ್ಮೇಳನವನ್ನಲ್ಲ, ಅದರ ಟೆಕ್ನಿಕಲ್ ಫೆಲೋಶಿಪ್‌ಗಳನ್ನು. ಇನ್ನೊಂದು ದೇಶದ ಆಸ್ಪತ್ರೆಗೆ ಹೋಗಿ, ಒಂದು ತಿಂಗಳವರೆಗೆ ಅಲ್ಲಿದ್ದು, ನಿರ್ದಿಷ್ಟವಾದ ಒಂದು ಕೌಶಲವನ್ನು ಕಲಿತು ಬರಲು ಅವು ನೆರವಾಗುತ್ತವೆ. ಶುಶ್ರೂಷಕರೂ ಅರ್ಜಿ ಹಾಕಬಹುದು. ಮೂರು ದಿನಗಳ ಸಮ್ಮೇಳನದಲ್ಲಿ ಬಹಳಷ್ಟನ್ನು ಕೇಳಬಹುದು, ಆದರೆ ಕೈಗೆ ಅಭ್ಯಾಸವಾಗುವುದಿಲ್ಲ. ಕೀಮೋ ಔಷಧಿ ರಕ್ತನಾಳದಿಂದ ಹೊರಗೆ ಸೋರಿದಾಗ ಮಾಡಬೇಕಾದ ಆರೈಕೆ, ತೋಳಿನ ರಕ್ತನಾಳದ ಮೂಲಕ ಹಾಕುವ ಪಿಕ್ ಲೈನ್ ಎಂಬ ಉದ್ದನೆಯ ಕೊಳವೆಯ ನಿರ್ವಹಣೆ, ಔಷಧಿಯ ಕಣಗಳು ಹೊರಗೆ ಹರಡದಂತೆ ತಡೆಯುವ ಬಯೋಸೇಫ್ಟಿ ಕ್ಯಾಬಿನೆಟ್ಟಿನಲ್ಲಿ ಔಷಧಿ ಬೆರೆಸುವ ಕ್ರಮ ಇವುಗಳಲ್ಲಿ ಯಾವುದನ್ನಾದರೂ ಕಲಿಯುವುದು ನಿಮ್ಮ ಉದ್ದೇಶವಾಗಿದ್ದರೆ ಸಮ್ಮೇಳನಕ್ಕಿಂತ ಇದೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ.

ಸ್ವದೇಶದ ಮೂಲಗಳೂ ಇವೆ. ಹಿಂದೆ ಸರ್ಬ್ (ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಎಂಬ ಹೆಸರಿನಲ್ಲಿದ್ದು ಈಗ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ನಿನ ಭಾಗವಾಗಿರುವ ವ್ಯವಸ್ಥೆ, ಹಾಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ವಿದೇಶದಲ್ಲಿ ಪ್ರಬಂಧ ಮಂಡಿಸುವವರಿಗೆ ಪ್ರಯಾಣ ನೆರವಿನ ಯೋಜನೆಗಳನ್ನು ನಡೆಸಿಕೊಂಡು ಬಂದಿವೆ. ಇವು ಸಂಶೋಧಕರಿಗಾಗಿ ರೂಪಿಸಿದವು. ಪಿಎಚ್‌ಡಿ ಅಥವಾ ಬೋಧಕ ಹುದ್ದೆ ಇದ್ದವರಿಗೆ ಹತ್ತಿರ, ವಾರ್ಡಿನ ಸಿಬ್ಬಂದಿಗೆ ಸ್ವಲ್ಪ ದೂರ. ಔಷಧ ಕಂಪನಿಯ ಪ್ರತಿನಿಧಿಗಳು ಯಾರಾದರೂ ಟಿಕೆಟ್ ಕೊಡಿಸುತ್ತೇವೆ ಎಂದರೆ ಒಪ್ಪಬೇಡಿ. 2024ರ ಮಾರ್ಚಿನಲ್ಲಿ ಹೊರಬಂದ ಔಷಧ ಮಾರಾಟ ನೀತಿಸಂಹಿತೆಯು, ಭಾಷಣಕಾರರಾಗಿ ಹೋಗುವವರ ಹೊರತು, ಆರೋಗ್ಯ ವೃತ್ತಿಪರರಿಗೆ ಸಮ್ಮೇಳನಕ್ಕಾಗಿ ಕಂಪನಿಗಳು ಪ್ರಯಾಣ ಸೌಲಭ್ಯ ನೀಡುವುದನ್ನು ನಿಷೇಧಿಸುತ್ತದೆ. ಯಾವ ಔಷಧಿ ತರಿಸಬೇಕೆಂಬ ನಿರ್ಧಾರದಲ್ಲಿ ಪಾಲಿರುವ ಫಾರ್ಮಸಿಸ್ಟರಿಗಂತೂ ಇದು ವೃತ್ತಿಯ ಮರ್ಯಾದೆಯ ಪ್ರಶ್ನೆ.

ನೀವು ಸರ್ಕಾರಿ ಸೇವೆಯಲ್ಲಿರುವುದರಿಂದ ನಿಮಗೆ ಮಾತ್ರ ಅನ್ವಯಿಸುವ ಒಂದು ಕಾನೂನನ್ನು ಒತ್ತಿ ಹೇಳಬೇಕಾಗಿದೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ 6ನೇ ಸೆಕ್ಷನ್ನಿನ ಪ್ರಕಾರ ಸರ್ಕಾರಿ ನೌಕರರೂ, ಸರ್ಕಾರದ ಒಡೆತನ ಅಥವಾ ನಿಯಂತ್ರಣದಲ್ಲಿರುವ ಸಂಸ್ಥೆಗಳ ನೌಕರರೂ, ವಿದೇಶಿ ಮೂಲದಿಂದ ಪ್ರಯಾಣ ವೆಚ್ಚ, ಊಟ, ವಸತಿ ಪಡೆಯುವ ಮೊದಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು. ಟ್ರಾವೆಲ್ ಗ್ರಾಂಟ್ ಎಂದು ಕರೆಯುವ ಈ ಪ್ರಯಾಣ ನೆರವು ಇದರ ವ್ಯಾಪ್ತಿಗೆ ಬರುತ್ತದೆ. ಎಫ್‌ಸಿ-2 ಎಂಬ ನಮೂನೆಯಲ್ಲಿ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಿ, ಆಹ್ವಾನ ಪತ್ರವನ್ನೂ ನಿಮ್ಮ ಇಲಾಖೆಯ ಆಡಳಿತಾತ್ಮಕ ಒಪ್ಪಿಗೆಯನ್ನೂ ಲಗತ್ತಿಸಬೇಕು. ಪ್ರಯಾಣಕ್ಕೆ ಎರಡು ವಾರ ಮೊದಲಾದರೂ ಅದು ಸಚಿವಾಲಯವನ್ನು ತಲುಪಿರಬೇಕೆಂಬುದು ನಿಯಮ. ಎರಡು ವಾರವೆಂಬುದು ಕಡೆಯ ಗಡುವು. ಇಲಾಖೆಯ ಒಪ್ಪಿಗೆಗೇ ತಿಂಗಳುಗಳು ಹಿಡಿಯಬಹುದಾದ್ದರಿಂದ ಸಾರಲೇಖ ಒಪ್ಪಿಗೆಯಾದ ವಾರವೇ ಕಡತವನ್ನು ಆರಂಭಿಸಿ. ವಿದೇಶ ಪ್ರವಾಸದ ರಜೆ ಮತ್ತು ಪಾಸ್‌ಪೋರ್ಟಿಗೆ ಸಂಬಂಧಿಸಿದ ಇಲಾಖಾ ಪತ್ರಗಳನ್ನೂ ಅದೇ ಕಡತದಲ್ಲಿ ಕೇಳಿಬಿಡಿ. ಖಾಸಗಿ ಆಸ್ಪತ್ರೆಯಲ್ಲಿರುವ ನಿಮ್ಮ ಸ್ನೇಹಿತೆಗೆ ಈ ಅನುಮತಿಯ ಅಗತ್ಯವಿಲ್ಲ, ಆಡಳಿತ ಮಂಡಳಿಯ ರಜೆ ಸಾಕು.

ಹಣದ ವಿಷಯದಲ್ಲಿ ಮೊದಲೇ ತಿಳಿದಿರಬೇಕಾದ ಕಹಿ ಸಂಗತಿಯೆಂದರೆ, ಬಹಳಷ್ಟು ಗ್ರಾಂಟ್‌ಗಳ ಹಣ ಸಮ್ಮೇಳನ ಮುಗಿದ ಮೇಲೆ ಬರುತ್ತದೆ. ವಿಮಾನದ ಟಿಕೆಟ್ಟನ್ನೂ ಹೋಟೆಲ್ಲಿನ ಬಾಡಿಗೆಯನ್ನೂ ನಾವು ಮೊದಲು ಕೊಟ್ಟು, ರಸೀದಿಗಳನ್ನೂ ಬೋರ್ಡಿಂಗ್ ಪಾಸ್‌ಗಳನ್ನೂ ಕಳುಹಿಸಿ, ಆಮೇಲೆ ಮರುಪಾವತಿಗಾಗಿ ಕಾಯಬೇಕು. ಗುತ್ತಿಗೆ ಆಧಾರದ ಮೇಲೆ ದುಡಿಯುವ ಸ್ಟಾಫ್ ನರ್ಸ್ ಒಬ್ಬರಿಗೆ ಇದು ಎಷ್ಟು ಭಾರವೆಂಬುದನ್ನು ಶ್ರೀಮಂತ ದೇಶಗಳ ಸಂಘಗಳು ಇನ್ನೂ ಸರಿಯಾಗಿ ಅರ್ಥಮಾಡಿಕೊಂಡಿಲ್ಲ ಎಂಬ ಬೇಸರ ನನಗಿದೆ. ಆದ್ದರಿಂದ ಸಂಕೋಚಪಡದೆ ಇ-ಮೇಲ್ ಬರೆದು ಕೇಳಿ: ನೋಂದಣಿ ಶುಲ್ಕವನ್ನು ಮೊದಲೇ ಮನ್ನಾ ಮಾಡುವಿರಾ, ಟಿಕೆಟ್ಟನ್ನು ನೀವೇ ಕಾಯ್ದಿರಿಸುವಿರಾ, ವಸತಿಯ ಹಣವನ್ನು ನೇರವಾಗಿ ಹೋಟೆಲ್ಲಿಗೆ ಪಾವತಿಸುವಿರಾ. ಕೇಳಿದವರಿಗೆ ಒಪ್ಪಿರುವ ಸಂಘಗಳಿವೆ. ವೀಸಾ ಖರ್ಚನ್ನು ಎಷ್ಟೋ ಗ್ರಾಂಟ್‌ಗಳು ಭರಿಸುವುದಿಲ್ಲ. ಯೂರೋಪಿನ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಅದರ ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿಬರುವ ಖರ್ಚು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಆ ವೀಸಾಕ್ಕೆ ಅರ್ಜಿ ಹಾಕಬಹುದು. ಊರಿನ ರೋಟರಿ ಅಥವಾ ಲಯನ್ಸ್ ಕ್ಲಬ್ಬಿನವರನ್ನು ಈ ಬಿಡಿ ಖರ್ಚುಗಳಿಗೆ ಕೇಳುವುದರಲ್ಲಿ ತಪ್ಪಿಲ್ಲ.

ಪ್ರತಿಯಾಗಿ, ಹಣ ಕೊಡುತ್ತೇವೆ ಎಂದು ಹೇಳಿ ಮೊದಲು 'ಪ್ರೊಸೆಸಿಂಗ್ ಶುಲ್ಕ' ಕೇಳುವವರಿಂದ ದೂರವಿರಿ. ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಸಮ್ಮೇಳನಕ್ಕೆ ಗೌರವ ಭಾಷಣಕಾರರಾಗಿ ಬನ್ನಿ ಎಂದು ಬರುವ ಇ-ಮೇಲ್‌ಗಳು, ಸಾರಲೇಖ ಕಳುಹಿಸಿದ ಮರುದಿನವೇ ಒಪ್ಪಿಗೆ ನೀಡುವ ಸಂಘಟಕರು, ಇವೆಲ್ಲ ನೋಂದಣಿ ಶುಲ್ಕಕ್ಕಾಗಿಯೇ ನಡೆಯುವ ವ್ಯಾಪಾರ. ಸಂದೇಹ ಬಂದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿರುವ ಹಿರಿಯ ಸಹೋದ್ಯೋಗಿಗಳನ್ನು ಒಂದು ಮಾತು ವಿಚಾರಿಸಿ.

ಅರ್ಜಿಯಲ್ಲಿ ಸಾರಲೇಖದಷ್ಟೇ ತೂಕ ಇರುವುದು ಎರಡು ಪತ್ರಗಳಿಗೆ. ಒಂದು, ಈ ಸಮ್ಮೇಳನದಿಂದ ಮರಳಿದ ಮೇಲೆ ಏನು ಮಾಡುತ್ತೀರಿ ಎಂಬ ನಿಮ್ಮ ಹೇಳಿಕೆ. 'ನನ್ನ ಜ್ಞಾನ ಹೆಚ್ಚುತ್ತದೆ' ಎಂದು ಬರೆದ ಹೇಳಿಕೆಗಳು ಒಂದರಂತೆ ಇನ್ನೊಂದು ಇರುತ್ತವೆ. ಮರಳಿದ ಮೂರು ತಿಂಗಳಲ್ಲಿ ಸಾಗರ, ತೀರ್ಥಹಳ್ಳಿ, ಶಿಕಾರಿಪುರ ತಾಲ್ಲೂಕು ಆಸ್ಪತ್ರೆಗಳ ಶುಶ್ರೂಷಕರಿಗೆ ಜ್ವರದ ಚೀಟಿಯ ತರಬೇತಿ ಕೊಡುತ್ತೇನೆ ಎಂದು ಬರೆದದ್ದು ಪರಿಶೀಲಕರ ನೆನಪಿನಲ್ಲಿ ಉಳಿಯುತ್ತದೆ, ಹಾಗೆ ಬರೆದ ಮೇಲೆ ಅದನ್ನು ಮಾಡಲೂ ಬೇಕು. ಇನ್ನೊಂದು, ವಿಭಾಗದ ಮುಖ್ಯಸ್ಥರ ಶಿಫಾರಸು ಪತ್ರ. ಕೊನೆಯ ದಿನ ಕೇಳಿದರೆ ಅವರು ಒಳ್ಳೆಯ ಸಿಬ್ಬಂದಿ, ಶ್ರಮಜೀವಿ ಎಂದಷ್ಟೇ ಬರೆದು ಸಹಿ ಹಾಕುತ್ತಾರೆ. ಮೂರು ವಾರ ಮೊದಲೇ ಕೇಳಿ, ನಿಮ್ಮ ಅಧ್ಯಯನದ ಅಂಕಿ ಅಂಶಗಳಿರುವ ಒಂದು ಪುಟವನ್ನು ಅವರ ಕೈಗೆ ಕೊಡಿ.

ಇಂಗ್ಲಿಷಿನ ಬಗ್ಗೆ ನಿಮಗಿರುವ ಅಳುಕು ಸಹಜ. ಆದರೆ ಸಾರಲೇಖಕ್ಕೆ ಬೇಕಾದುದು ಚಿಕ್ಕ ಚಿಕ್ಕ ನೇರ ವಾಕ್ಯಗಳು ಮಾತ್ರ. ಮೊದಲು ಕನ್ನಡದಲ್ಲಿ ಬರೆದುಕೊಂಡು, ಅರ್ಥ ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ತನ್ನಿ, ಬಳಿಕ ಕಾಲೇಜಿನ ಅಧ್ಯಾಪಕರೊಬ್ಬರಿಗೆ ತೋರಿಸಿ. ಮೊದಲ ಸಲ ಮೌಖಿಕ ಮಂಡನೆಗಿಂತ ಪೋಸ್ಟರ್ ಮಂಡನೆಯನ್ನು ಆಯ್ದುಕೊಳ್ಳಿ. ಪೋಸ್ಟರಿನ ಪಕ್ಕದಲ್ಲಿ ನಿಂತು, ಬಂದು ಕೇಳಿದವರಿಗೆ ಉತ್ತರಿಸುವುದಷ್ಟೇ ಅಲ್ಲಿಯ ಕೆಲಸ, ಮತ್ತು ನಿಜವಾದ ಪರಿಚಯಗಳು ಬೆಳೆಯುವುದೂ ಅಲ್ಲಿಯೇ. ಅದನ್ನು ಬಟ್ಟೆಯ ಮೇಲೆ ಮುದ್ರಿಸಿದರೆ ಮಡಚಿ ಕೈಚೀಲದಲ್ಲಿ ಒಯ್ಯಬಹುದು.

ಸಾರಲೇಖಗಳ ಗಡುವು ಹೆಚ್ಚಿನ ಸಮ್ಮೇಳನಗಳಲ್ಲಿ ಹಲವು ತಿಂಗಳು ಮೊದಲೇ ಮುಗಿದಿರುತ್ತದೆ, ಮತ್ತು ಗ್ರಾಂಟ್ ಬೇಕೆಂಬುದನ್ನು ಸಾರಲೇಖ ಸಲ್ಲಿಸುವಾಗಲೇ ಗುರುತು ಮಾಡಬೇಕಾದ ಯೋಜನೆಗಳೂ ಇವೆ. ಆದ್ದರಿಂದ ಈಗಲೇ ಆರಂಭಿಸಿದರೂ ನಿಮ್ಮ ಪ್ರಯಾಣ ಬರುವ ವರ್ಷದ ನಂತರದ್ದೇ ಎಂದು ಲೆಕ್ಕ ಹಾಕಿಕೊಳ್ಳಿ. ಆ ನಡುವಿನ ಕಾಲದಲ್ಲಿ ಅದೇ ಅಧ್ಯಯನವನ್ನು ಭಾರತೀಯ ಉಪಶಾಮಕ ಆರೈಕೆ ಸಂಘದ ವಾರ್ಷಿಕ ಸಮ್ಮೇಳನದಲ್ಲಿಯೋ ರಾಜ್ಯ ಮಟ್ಟದ ಶುಶ್ರೂಷಾ ಸಭೆಯಲ್ಲಿಯೋ ಒಮ್ಮೆ ಮಂಡಿಸಿ; ಅಲ್ಲಿ ಬರುವ ಪ್ರಶ್ನೆಗಳಿಂದ ಅಧ್ಯಯನದ ದೌರ್ಬಲ್ಯಗಳು ತಿಳಿಯುತ್ತವೆ. ಬೇರೆಡೆ ಮಂಡಿಸಿದ್ದನ್ನು ಸ್ವೀಕರಿಸದ ಸಮ್ಮೇಳನಗಳೂ ಇರುವುದರಿಂದ ಅವುಗಳ ನಿಯಮವನ್ನು ಮೊದಲೇ ಓದಿಕೊಳ್ಳಿ. ಅರ್ಜಿ ತಿರಸ್ಕೃತವಾದರೆ ಪರಿಶೀಲಕರ ಟಿಪ್ಪಣಿಗಳನ್ನು ವಿನಯದಿಂದ ಕೇಳಿ ತರಿಸಿಕೊಂಡು, ಅದೇ ಸಾರಲೇಖವನ್ನು ತಿದ್ದಿ ಮುಂದಿನ ಸಂಘಕ್ಕೆ ಕಳುಹಿಸಿ. ನೈತಿಕ ಸಮಿತಿಯ ಅರ್ಜಿ ನಮೂನೆಯನ್ನು ಈ ವಾರವೇ ಪಡೆದುಕೊಳ್ಳಿ, ನಿಮ್ಮ ರಿಜಿಸ್ಟರಿನಲ್ಲಿ ಜ್ವರದ ಪ್ರಕರಣಗಳಿಗೆ ಒಂದು ಪ್ರತ್ಯೇಕ ಕಾಲಮ್ ಎಳೆಯಿರಿ.